ಮನೆಲೆಕ್ಕ ಮತ್ತು ಮನೆಮಾತು

(ಸಂಘದ ವಾರ್ಷಿಕ ಸಹಮಿಲನದ ಅಂಗವಾಗಿ ಖುಲ್ತಾಬಾದಿನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಏಕೆ ಬರುತ್ತಿಲ್ಲ ಎಂಬ ಪ್ರಶ್ನೆ ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಎದ್ದಿತು. ಐದನೆಯ ತರಗತಿಯವರೆಗೆ ಮಕ್ಕಳು ಉತ್ಸಾಹದಿಂದ ಬರುತ್ತಾರೆ. ಏಳು, ಎಂಟನೆಯ ತರಗತಿಗೆ ವಿರಳವಾಗುತ್ತಾರೆ. ಒಂಬತ್ತು ಹತ್ತಕ್ಕೆ ಬಂದವರು ರಾಜ್ಯೋತ್ಸವದ ದಿನ ಹೊರತು ಮುಖ ತೋರಿಸುವುದಿಲ್ಲ. ಮನೆಯವರನ್ನು ವಿಚಾರಿಸಿದರೆ ದೊರೆಯುವ ಉತ್ತರ ಒಂದೇ: "ಫಿಜಿಕ್ಸ್ ಟ್ಯೂಷನ್ ಅದ ರೀ." ಸಭೆಯಲ್ಲಿ ಕೆಲವರು ಇದು ಭಾಷಾಭಿಮಾನದ ಕೊರತೆಯೆಂದರು. ಇನ್ನು ಕೆಲವರು, ಹೊಟ್ಟೆಪಾಡಿನ ಮುಂದೆ ಭಾಷೆ ನಿಲ್ಲುವುದಿಲ್ಲ, ಹಟ ಹಿಡಿಯುವುದು ಸಲ್ಲದು ಎಂದರು. ಎರಡು ಪಕ್ಷದವರೂ ಒಂದು ಮಾತನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದರು: ಭೌತಶಾಸ್ತ್ರದ ಲೆಕ್ಕಕ್ಕೂ ಕನ್ನಡಕ್ಕೂ ಯಾವ ಸಂಬಂಧವೂ ಇಲ್ಲ, ಒಂದಕ್ಕೆ ಕೊಟ್ಟ ಗಂಟೆಯನ್ನು ಇನ್ನೊಂದರಿಂದ ಕಿತ್ತುಕೊಳ್ಳಲೇಬೇಕು ಎಂಬುದನ್ನು. ಈ ಮಾತನ್ನು ಒಪ್ಪಲಾರದವನಾಗಿ ನಾನಿಂದು ನಿಮ್ಮ ಮುಂದೆ ನಿಂತಿದ್ದೇನೆ.

ನನ್ನ ಅರ್ಹತೆಯನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ. ವಿಜಯಪುರ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ, ಧಾರವಾಡದಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರ್ಕಾರದ ಸೇವೆಗೆ ಸೇರಿ ಕಡತಗಳ ನಡುವೆ ಮೂವತ್ತು ವರ್ಷ ಕಳೆದವನು ನಾನು. ವರ್ಗವಾದ ಊರಿನಲ್ಲೆಲ್ಲ ನೆರೆಹೊರೆಯ ಮಕ್ಕಳು ಸಂಜೆಯ ಹೊತ್ತು ಲೆಕ್ಕದ ಪುಸ್ತಕ ಹಿಡಿದು ಬರುವುದು, ನಾನು ಅವರೊಂದಿಗೆ ಕೂರುವುದು ನಡೆದುಕೊಂಡು ಬಂದಿದೆ.

ಈಚಿನ ವರ್ಷಗಳಲ್ಲಿ ಮಹಾರಾಷ್ಟ್ರದ ನಮ್ಮ ಮಕ್ಕಳು ಓದಿರುವ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ತೆರೆದು ನೋಡಿ. ಮೊದಲ ಪಾಠ ಚಲನೆಯ ನಿಯಮಗಳು, ಎರಡನೆಯದು ಕೆಲಸ ಮತ್ತು ಶಕ್ತಿ, ಮೂರನೆಯದು ವಿದ್ಯುತ್ ಪ್ರವಾಹ. ಪ್ರತಿ ಪಾಠದ ಕೊನೆಯಲ್ಲಿ ಬಿಡಿಸಬೇಕಾದ ಲೆಕ್ಕಗಳು. ಈ ಲೆಕ್ಕಗಳು ಗಣಿತದ ದೃಷ್ಟಿಯಿಂದ ಕಠಿಣವಲ್ಲ; ಗುಣಾಕಾರ, ಭಾಗಾಕಾರ, ಹೆಚ್ಚೆಂದರೆ ಒಂದು ವರ್ಗಮೂಲ. ಹಾಗಿದ್ದೂ ಗಣಿತದಲ್ಲಿ ತೊಂಬತ್ತು ಅಂಕ ಪಡೆಯುವ ಮಗು ಇಲ್ಲಿ ತಡವರಿಸುತ್ತದೆ. ಏಕೆಂದರೆ ಇಲ್ಲಿ ಲೆಕ್ಕ ಮಾತಿನ ರೂಪದಲ್ಲಿ ಬರುತ್ತದೆ. ಒಂದು ಬಂಡಿ, ಒಂದು ಇಳಿಜಾರು, ಒಂದು ಹಗ್ಗ. ಯಾರೋ ಎಳೆಯುತ್ತಾರೆ, ಏನೋ ಜಾರುತ್ತದೆ. ಆ ಮಾತನ್ನು ಮೊದಲು ಚಿತ್ರವಾಗಿಸಿಕೊಂಡು, ಆಮೇಲೆ ಸಮೀಕರಣವಾಗಿಸಬೇಕು. ಮಾತು ಅರ್ಥವಾಗದಿದ್ದರೆ ಮಗು ಚಿತ್ರದ ಗೋಜಿಗೇ ಹೋಗುವುದಿಲ್ಲ. ಕೊಟ್ಟಿರುವ ಮೂರು ಅಂಕಿಗಳನ್ನು ಹೆಕ್ಕಿಕೊಂಡು, ಅವು ಯಾವ ಸೂತ್ರದಲ್ಲಿ ಹಿಡಿಸುತ್ತವೆ ಎಂದು ಹುಡುಕುತ್ತದೆ.

ನಮ್ಮ ಮಕ್ಕಳ ಭಾಷಾಸ್ಥಿತಿ ಇನ್ನೂ ಜಟಿಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ. ಅದೇ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಮಾತ್ರ ಇಂಗ್ಲಿಷಿನಲ್ಲಿ. ಇದಕ್ಕೆ ಇಲ್ಲಿ 'ಸೆಮಿ ಇಂಗ್ಲಿಷ್' ಎಂಬ ಹೆಸರಿದೆಯೆಂದು ನಿಮಗೆಲ್ಲ ಗೊತ್ತು. ಸಂಸ್ಕೃತಮೂಲದ ಶಬ್ದಗಳು ಮರಾಠಿಗೂ ಕನ್ನಡಕ್ಕೂ ಸಮಾನ, ಆದ್ದರಿಂದ ತೊಡಕಿಲ್ಲ ಎಂದು ಹಲವರು ತಿಳಿದಿದ್ದಾರೆ. ಬಲ, ಜಡತ್ವ, ಸಂವೇಗ, ರೋಧ ಇವುಗಳ ಮಟ್ಟಿಗೆ ಅದು ನಿಜ. ಆದರೆ 'ಶಕ್ತಿ'ಯನ್ನು ನೋಡಿ. ಕರ್ನಾಟಕದ ಪಠ್ಯಪುಸ್ತಕದಲ್ಲಿ ಜೂಲ್‌ಗಳಲ್ಲಿ ಅಳೆಯುವ ದಾಸ್ತಾನಿಗೆ ಶಕ್ತಿಯೆಂದು ಹೆಸರು; ಅದು ಪ್ರತಿ ಸೆಕೆಂಡಿಗೆ ಎಷ್ಟು ಖರ್ಚಾಗುತ್ತದೆಂಬ ದರಕ್ಕೆ, ವಾಟ್‌ಗಳಲ್ಲಿ ಅಳೆಯುವುದಕ್ಕೆ, ಸಾಮರ್ಥ್ಯವೆಂದು ಹೆಸರು. ಮರಾಠಿ ಪುಸ್ತಕದಲ್ಲಿ ಮೊದಲನೆಯದು 'ಊರ್ಜಾ'. 'ಶಕ್ತಿ' ಎಂದರೆ ಎರಡನೆಯದು! ಮನೆಯಲ್ಲಿ ಕನ್ನಡದ ಪುಸ್ತಕ ಓದಿದ ತಂದೆ ಶಕ್ತಿಯೆಂದಾಗ, ಮರಾಠಿ ಶಾಲೆಯ ಮಗು ಸಾಮರ್ಥ್ಯವೆಂದು ಕೇಳಿಸಿಕೊಳ್ಳುತ್ತದೆ. ರಾಶಿ ಎಂಬ ನಮ್ಮ ಶಬ್ದ ಅಲ್ಲಿ 'ವಸ್ತುಮಾನ'. ನಾವು ಕೆಲಸ ಎನ್ನುವುದು ಅಲ್ಲಿ 'ಕಾರ್ಯ'. ನಮ್ಮ ಕಿವಿಗೆ ಕಾರ್ಯವೆಂದರೆ ಮದುವೆ ಮುಂಜಿಯ ನೆನಪು.

ಹಾಗಾದರೆ ಮಗುವಿಗೆ ಪಾರಿಭಾಷಿಕ ಪದಗಳ ಮೂರು ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಕೇ? ಖಂಡಿತ ಬೇಡ. ಶಾಲೆಯ ಪರಿಭಾಷೆ ಶಾಲೆಯದೇ ಆಗಿರಲಿ. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಅದನ್ನೇ. ನಾನು ಕೇಳುವುದು ಅದಕ್ಕಿಂತ ಹಿಂದಿನ ಒಂದು ಹೆಜ್ಜೆಯನ್ನು. ಅಂಕಿಗಳನ್ನು ಬದಿಗಿಟ್ಟು, ಏನು ನಡೆಯುತ್ತಿದೆಯೆಂದು ಮಗು ತನ್ನ ಮನೆಯ ಮಾತಿನಲ್ಲಿ ಹೇಳಬೇಕು. ಧಾರವಾಡದ ಕನ್ನಡವಾದರೂ ಸರಿ, ಕಲಬುರಗಿಯದಾದರೂ ಸರಿ, ಮಂಗಳೂರಿನದಾದರೂ ಸರಿ.

ಒಂದು ನಿದರ್ಶನ ಕೊಡುತ್ತೇನೆ. ನಮ್ಮ ವಸತಿಗೃಹದ ನೆರೆಯ ಹುಡುಗಿಯೊಬ್ಬಳು ಹನ್ನೊಂದನೆಯ ತರಗತಿಯ ಲೆಕ್ಕ ತಂದಿದ್ದಳು. 60 ಕಿಲೋಗ್ರಾಂ ರಾಶಿಯ ಮನುಷ್ಯ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾನೆ. ಲಿಫ್ಟು 2 ಮೀಟರ್ ಪ್ರತಿ ಸೆಕೆಂಡ್ ವರ್ಗದ ವೇಗೋತ್ಕರ್ಷದಿಂದ ಮೇಲಕ್ಕೆ ಹೊರಟಿತು. ಯಂತ್ರ ಎಷ್ಟು ನ್ಯೂಟನ್ ತೋರಿಸುತ್ತದೆ? ಹುಡುಗಿ 9.8ರಿಂದ 2ನ್ನು ಕಳೆದು, 60ರಿಂದ ಗುಣಿಸಿ 468 ಎಂದು ಬರೆದಿದ್ದಳು. ಏಕೆ ಕಳೆದೆ ಎಂದರೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಆದ್ದರಿಂದ ಕಳೆಯಬೇಕು ಎಂದಳು, ಇಂಗ್ಲಿಷಿನಲ್ಲಿ. ಟ್ಯೂಷನ್ನಿನಲ್ಲಿ ಕೇಳಿದ ವಾಕ್ಯ ಅದು. ನಾನು ತಿದ್ದಲಿಲ್ಲ. "ನೀನೇ ಲಿಫ್ಟಿನಾಗ ನಿಂತೀಯವ್ವಾ, ಲಿಫ್ಟು ಮೇಲಕ್ಕ ಹೊಂಟ ಕೂಡಲೆ ಏನನಸ್ತದ ಹೇಳು" ಎಂದೆ. ಆಕೆ ಒಂದು ಕ್ಷಣ ಕಣ್ಣು ಮುಚ್ಚಿ, "ಕಾಕಾ, ಕಾಲು ನೆಲಕ್ಕ ಒತ್ತಿದಂಗ ಆಗ್ತದ" ಎಂದಳು. ಸ್ವಲ್ಪ ತಡೆದು, "ಅಂದ್ರ ನೆಲ ನನ್ನ ಜಾಸ್ತಿ ದಬ್ಬತದ" ಎಂದಳು. ಮುಂದೆ ನಾನು ಹೇಳಬೇಕಾದದ್ದೇ ಇರಲಿಲ್ಲ. ಕಳೆಯುವ ಚಿಹ್ನೆಯನ್ನು ಅಡ್ಡಗೆರೆ ಎಳೆದು ಕೂಡಿಸುವ ಚಿಹ್ನೆಯಾಗಿಸಿ 708 ಎಂದು ತಾನೇ ಬರೆದಳು. ನಿಂತ ಲಿಫ್ಟಿನಲ್ಲಿ 588, ಹೊರಟ ಲಿಫ್ಟಿನಲ್ಲಿ 708. ಹೆಚ್ಚಾದದ್ದು ಸರಿಯೇ ಎಂದು ಕಾಲುಗಳೇ ಸಾಕ್ಷಿ ನುಡಿದವು.

'ನೆಲ ನನ್ನ ದಬ್ಬತದ' ಎಂಬ ವಾಕ್ಯದಲ್ಲಿ ನ್ಯೂಟನ್ನನ ಮೂರನೆಯ ನಿಯಮ ಇದೆ. ಯಾವ ವಸ್ತುವಿನ ಮೇಲಿನ ಬಲವನ್ನು ಲೆಕ್ಕ ಹಾಕುತ್ತಿದ್ದೇವೆ ಎಂಬ ಪ್ರಶ್ನೆಗೆ ಉತ್ತರವೂ ಇದೆ. ಬಲವಿಜ್ಞಾನದಲ್ಲಿ ಅರ್ಧಕ್ಕರ್ಧ ತಪ್ಪುಗಳು ಆ ಪ್ರಶ್ನೆಯನ್ನು ಕೇಳಿಕೊಳ್ಳದಿರುವುದರಿಂದ ಆಗುತ್ತವೆಂಬುದು ನನ್ನ ಅನುಭವ.

ಇಂದು ಬೆಳಿಗ್ಗೆ ದೌಲತಾಬಾದನ್ನು ದಾಟಿ ಘಾಟಿ ಹತ್ತುವಾಗ, ತಿರುವಿನಲ್ಲಿ ನಾವೆಲ್ಲ ಒಬ್ಬರ ಮೇಲೊಬ್ಬರು ವಾಲಿದೆವು. ಹಿರಿಯರೊಬ್ಬರು "ಬಸ್ಸು ಹೊರಕ್ಕೆ ಎಳೀತು ನೋಡ್ರಿ" ಎಂದರು. ಮಕ್ಕಳೇ, ಎಳೆದದ್ದು ಯಾರು? ಹುಡುಕಿ ನೋಡಿ, ಹೊರಗಡೆ ಯಾರೂ ಇರಲಿಲ್ಲ. ಬಸ್ಸು ತಿರುಗಿತು, ನಮ್ಮ ದೇಹ ಮೊದಲಿನ ದಾರಿಯಲ್ಲೇ ನೇರವಾಗಿ ಸಾಗಲು ಹೊರಟಿತು, ಆಸನವೂ ಪಕ್ಕದ ಕಂಬಿಯೂ ಪಕ್ಕದವರ ಭುಜವೂ ಸೇರಿ ನಮ್ಮನ್ನು ಒಳಕ್ಕೆ ತಳ್ಳಿ ತಿರುಗಿಸಿದವು. ಇದ್ದ ಬಲವೆಲ್ಲ ತಿರುವಿನ ಒಳಮುಖವಾಗಿಯೇ ಇತ್ತು. ಒಂದು ನಿಯಮವನ್ನು ರೂಢಿ ಮಾಡಿಕೊಳ್ಳಿ: ಚಿತ್ರದಲ್ಲಿ ಬಾಣವೊಂದನ್ನು ಎಳೆದರೆ, ಆ ಬಲವನ್ನು ಯಾರು ಯಾರ ಮೇಲೆ ಹಾಕುತ್ತಿದ್ದಾರೆಂದು ಕನ್ನಡದಲ್ಲಿ ಹೇಳಲು ಬರಬೇಕು. ಹೇಳಲಾಗದಿದ್ದರೆ ಬಾಣವನ್ನು ಅಳಿಸಿಬಿಡಿ. ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವಾಗ ಹಲವು ಮಕ್ಕಳು ಮೇಲ್ಮುಖವಾಗಿ ಒಂದು ಬಾಣ ಹಾಕುತ್ತಾರೆ, 'ಎಸೆದ ಬಲ' ಎಂದು ಹೆಸರನ್ನೂ ಇಡುತ್ತಾರೆ. ಎಸೆದ ಕೈ ಎಂದೋ ಚೆಂಡನ್ನು ಬಿಟ್ಟಾಗಿದೆ. ಇನ್ನು ಉಳಿದಿರುವುದು ಭೂಮಿಯ ಸೆಳೆತ ಮಾತ್ರ.

ಅದೇ ಘಾಟಿಯಿಂದ ಇನ್ನೊಂದು ಲೆಕ್ಕ. ಇದು ಗೃಹಿಣಿಯರಿಗೂ ರುಚಿಸೀತು. ನಗರದಿಂದ ಖುಲ್ತಾಬಾದಿನ ಎತ್ತರವನ್ನು ಲೆಕ್ಕಕ್ಕಾಗಿ 300 ಮೀಟರ್ ಎಂದೂ, ನಮ್ಮೆಲ್ಲರನ್ನೂ ಹೊತ್ತ ಬಸ್ಸಿನ ರಾಶಿಯನ್ನು 10 ಟನ್ ಎಂದೂ ಇಟ್ಟುಕೊಳ್ಳೋಣ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ 2 ಕೋಟಿ 94 ಲಕ್ಷ ಜೂಲ್. ಅಂಕಿ ಭಯಂಕರವಾಗಿದೆ. ಆದರೆ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿ: ಎಂಟು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು! ಘರ್ಷಣೆ, ಗಾಳಿಯ ತಡೆ, ಎಂಜಿನ್ನಿನ ಬಿಸಿ ಇವನ್ನೆಲ್ಲ ಬಿಟ್ಟರೆ, ಹತ್ತು ಟನ್ನಿನ ಬಸ್ಸನ್ನು ಬರೀ ಎತ್ತಿದ್ದಕ್ಕೆ ಆದ ಖರ್ಚು ಇಷ್ಟೇ. 60 ಕಿಲೋಗ್ರಾಂ ರಾಶಿಯ ಒಬ್ಬ ಯಾತ್ರಿಕ ಭದ್ರಾ ಮಾರುತಿಯ ದರ್ಶನಕ್ಕೆ ಅಷ್ಟೇ ಎತ್ತರವನ್ನು ನಡೆದೇ ಹತ್ತಿದರೆ 1,76,400 ಜೂಲ್. 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಮೂರು ನಿಮಿಷ ಕಾಯಿಸಿದಷ್ಟು. ಬೆವರು ಸುರಿಸಿ ಹತ್ತಿದವರಿಗೆ ಇದು ಅನ್ಯಾಯವೆನಿಸಬಹುದು. ದೇಹ ಬಿಸಿಯಾಗಿ ಕಳೆಯುವ ಪಾಲು ಇದಕ್ಕಿಂತ ಬಹಳ ದೊಡ್ಡದು, ಅದು ಈ ಲೆಕ್ಕದೊಳಗೆ ಬಂದಿಲ್ಲ. ಈ ಒಂದು ಲೆಕ್ಕದಲ್ಲಿ ಮಗು ಬಲವಿಜ್ಞಾನದಿಂದ ವಿದ್ಯುತ್ತಿನ ಪಾಠಕ್ಕೆ ದಾಟಿಬಿಡುತ್ತದೆ. ಜೂಲ್ ಎಂಬುದು ಎರಡೂ ಪಾಠಗಳಲ್ಲಿ ಒಂದೇ ಎಂದು ಮನಸ್ಸಿಗೆ ಬರುತ್ತದೆ. ಪುಸ್ತಕದಲ್ಲಿ ಎರಡು ಪಾಠಗಳ ನಡುವೆ ಗೋಡೆಯಿದೆ.

ವಿದ್ಯುತ್ತಿನ ಲೆಕ್ಕಗಳ ತೊಡಕು ಬೇರೆ ಜಾತಿಯದು. ಲಿಫ್ಟು, ಬಸ್ಸು ಅನುಭವಕ್ಕೆ ಬರುತ್ತವೆ; ತಂತಿಯೊಳಗಿನ ಪ್ರವಾಹ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿ ನೋಡುವಂತೆಯೂ ಇಲ್ಲ. ಆದ್ದರಿಂದ ಉಪಮಾನ ಬೇಕು. ಅದಕ್ಕೆ ಈ ಊರಿಗಿಂತ ಪ್ರಶಸ್ತವಾದ ಸ್ಥಳ ಇನ್ನೊಂದಿಲ್ಲ. ಖುಲ್ತಾಬಾದೆಂದರೆ ಔರಂಗಜೇಬನ ಗೋರಿಯೆಂದಷ್ಟೇ ಪ್ರಸಿದ್ಧಿ. ಮಲಿಕ್ ಅಂಬರನ ಸಮಾಧಿಯೂ ಇಲ್ಲಿಯೇ ಇದೆ. ಆಫ್ರಿಕದಿಂದ ಗುಲಾಮನಾಗಿ ಬಂದು, ಅಹಮದ್‌ನಗರದ ನಿಜಾಮಶಾಹಿಯ ಪ್ರಧಾನಿಯಾಗಿ, 1610ರಲ್ಲಿ ಖಡ್ಕಿ ಎಂಬ ಹೆಸರಿನಿಂದ ಇಂದಿನ ಸಂಭಾಜಿನಗರಕ್ಕೆ ಅಸ್ತಿಭಾರ ಹಾಕಿದವನು, 1626ರಲ್ಲಿ ತೀರಿಕೊಂಡನು. ಆತ ತನ್ನ ಊರಿಗೆ ಗುಡ್ಡದ ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದ. ಪಂಪಿಲ್ಲ, ಯಂತ್ರವಿಲ್ಲ, ಮೂಲ ಎತ್ತರದಲ್ಲಿತ್ತು, ಊರು ತಗ್ಗಿನಲ್ಲಿತ್ತು, ಅಷ್ಟೇ. ಮುಂದೆ ಇದೇ ತತ್ತ್ವದಿಂದ ಪನ್‌ಚಕ್ಕಿಗೂ ಮಣ್ಣಿನ ಕೊಳವೆಗಳಲ್ಲಿ ನೀರು ಬಂದು ಬೀಸುವ ಕಲ್ಲನ್ನು ತಿರುಗಿಸಿತು.

ಇದನ್ನು ನೋಡಿದ ಮಗುವಿಗೆ ವಿದ್ಯುತ್ತಿನ ಪಾಠ ಹೇಳುವುದು ಸುಲಭ. ಎತ್ತರದ ವ್ಯತ್ಯಾಸವೇ ವಿಭವಾಂತರ, ಅದರ ಅಳತೆ ವೋಲ್ಟ್. ಕೊಳವೆಯಲ್ಲಿ ಪ್ರತಿ ಸೆಕೆಂಡಿಗೆ ಹರಿಯುವ ನೀರೇ ಪ್ರವಾಹ, ಅದರ ಅಳತೆ ಆಂಪಿಯರ್. ಕೊಳವೆಯ ಇಕ್ಕಟ್ಟು ರೋಧ, ಅದರ ಅಳತೆ ಓಮ್. ಕೊಳವೆ ಉದ್ದವಾದಷ್ಟೂ, ಕಿರಿದಾದಷ್ಟೂ ತಡೆ ಹೆಚ್ಚು, ತಂತಿಗೂ ಹಾಗೆಯೇ. ಉಪಮಾನಕ್ಕೆ ಮಿತಿಯುಂಟು, ಅದನ್ನೂ ಹೇಳಿಕೊಡಬೇಕು. ಕೊಳವೆ ಒಡೆದರೆ ನೀರು ಹೊರಗೆ ಚೆಲ್ಲುತ್ತದೆ. ತಂತಿ ಕಡಿದರೆ ಪ್ರವಾಹ ಚೆಲ್ಲುವುದಿಲ್ಲ, ನಿಂತುಹೋಗುತ್ತದೆ.

ಗಣೇಶನ ಹಬ್ಬದಲ್ಲಿ ಕಟ್ಟುತ್ತಿದ್ದ ಹಳೆಯ ಸೀರಿಯಲ್ ಸೆಟ್ಟುಗಳನ್ನು ಹಿರಿಯರು ನೆನಪಿಸಿಕೊಳ್ಳಲಿ. ಒಂದು ಮಿಣುಕು ಬಲ್ಬು ಕೆಟ್ಟರೆ ಇಡೀ ಸಾಲು ಕತ್ತಲು. ಒಂದೊಂದನ್ನೇ ಅಲುಗಾಡಿಸುತ್ತ ಅರ್ಧ ರಾತ್ರಿ ಕಳೆಯುತ್ತಿತ್ತು. ಆದರೆ ಮನೆಯ ಒಂದು ಫ್ಯಾನು ನಿಂತರೆ ಉಳಿದ ದೀಪಗಳು ನಂದುವುದಿಲ್ಲ. ಸರಣಿ ಜೋಡಣೆ, ಸಮಾಂತರ ಜೋಡಣೆ ಎಂಬ ಎರಡು ಶೀರ್ಷಿಕೆಗಳ ಒಳಗಿನ ಸಂಗತಿ ಇದೇ. ಈಗ ಎಲ್ಲ ಪುಸ್ತಕದಲ್ಲೂ ಬರುವ ಲೆಕ್ಕ: 230 ವೋಲ್ಟಿನಲ್ಲಿ ಉರಿಯುವ 100 ವಾಟಿನ ಒಂದು ಬಲ್ಬು, 40 ವಾಟಿನ ಇನ್ನೊಂದು. ಎರಡನ್ನೂ ಸರಣಿಯಲ್ಲಿ ಜೋಡಿಸಿ ಅದೇ 230 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ನೂರರದು ಎಂದು ಎಲ್ಲರೂ ಕೂಗುತ್ತಾರೆ, ತಂದೆತಾಯಿಯರೂ ಸೇರಿ. ಲೆಕ್ಕ ಬೇರೆ ಹೇಳುತ್ತದೆ. ವೋಲ್ಟಿನ ವರ್ಗವನ್ನು ವಾಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ: ನೂರರ ಬಲ್ಬಿಗೆ 529 ಓಮ್, ನಲವತ್ತರದಕ್ಕೆ 1322.5 ಓಮ್. ಸರಣಿಯಲ್ಲಿ ಎರಡರಲ್ಲೂ ಹರಿಯುವ ಪ್ರವಾಹ ಒಂದೇ, ಆದ್ದರಿಂದ ರೋಧ ಹೆಚ್ಚಿದ್ದಲ್ಲಿ ಹೆಚ್ಚು ಬಿಸಿ. ರೋಧ ಬದಲಾಗದೆಂದು ಭಾವಿಸಿದರೆ ನಲವತ್ತರದು 20 ವಾಟಿನಷ್ಟು ಬೆಳಗುತ್ತದೆ. ನೂರರದು 8 ವಾಟಿನಷ್ಟರಲ್ಲಿ ಮಂಕಾಗಿ ಕೂರುತ್ತದೆ. ಬಲ್ಬಿನ ಮೇಲೆ ಬರೆದ ವಾಟು ಬಲ್ಬಿನ ಜನ್ಮಸಿದ್ಧ ಗುಣವಲ್ಲ, 230 ವೋಲ್ಟ್ ದೊರೆತಾಗ ಮಾತ್ರ ಸಲ್ಲುವ ಮಾತು. ಇಂದಿನ ಮಕ್ಕಳು ಎಲ್‌ಇಡಿ ದೀಪದಲ್ಲೇ ಬೆಳೆದವರು. ತಂತಿ ಕೆಂಪಗೆ ಕಾಯುವ ಬಲ್ಬನ್ನು ಎಷ್ಟೋ ಮಂದಿ ಕಂಡಿಲ್ಲ. ಪುಸ್ತಕ ಮಾತ್ರ ಹಳೆಯ ಬಲ್ಬನ್ನೇ ಹಿಡಿದಿದೆ. ಆದ್ದರಿಂದ ಈ ಲೆಕ್ಕಕ್ಕೆ ಮುನ್ನ ಅಂತಹ ಒಂದು ಬಲ್ಬನ್ನು ಕೈಗೆ ಕೊಡುವುದು ಒಳ್ಳೆಯದು.

ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲೇ ಯೋಚಿಸಬೇಕು, ದೇಶಭಾಷೆ ಅದಕ್ಕೆ ಸಾಲದು ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ನೆಲದ ಚರಿತ್ರೆಯೇ ಉತ್ತರ. ನಾವು ಕುಳಿತಿರುವ ಮರಾಠವಾಡವೂ, ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾಯಿತು. ಉರ್ದು ಮಾಧ್ಯಮದಲ್ಲಿ, ವಿಜ್ಞಾನವೂ ಸೇರಿದಂತೆ. ಪುಸ್ತಕಗಳನ್ನು ಸಿದ್ಧಪಡಿಸಲು ಒಂದು ಭಾಷಾಂತರ ವಿಭಾಗವನ್ನೇ ಸ್ಥಾಪಿಸಿದರು. ಬಲಕ್ಕೆ ಕುವ್ವತ್, ಜವಕ್ಕೆ ರಫ್ತಾರ್, ಲೆಕ್ಕಗಳು ಬಿಡಿಸಿಕೊಂಡವು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಪತ್ರಿಕೆ ಹೆಚ್ಚು ವರ್ಷ ನಡೆಯಲಿಲ್ಲ. ಉಸ್ಮಾನಿಯಾದ ಉರ್ದು ಮಾಧ್ಯಮವೂ ಹೈದರಾಬಾದಿನ ವಿಲೀನದ ನಂತರ ಕೊನೆಗೊಂಡಿತು. ಅಲ್ಲಿ ಉರ್ದು ಮನೆಮಾತಲ್ಲದ ಕನ್ನಡ, ಮರಾಠಿ, ತೆಲುಗು ಮಕ್ಕಳು ಪಟ್ಟ ಪಾಡನ್ನೂ ನಾವು ಮರೆಯಬಾರದು. ಒಂದು ಸಂಗತಿ ಮಾತ್ರ ಆಗಲೇ ಸಿದ್ಧವಾಗಿತ್ತು: ಶಬ್ದಗಳ ಅಭಾವದಿಂದ ಭೌತಶಾಸ್ತ್ರ ನಿಲ್ಲುವುದಿಲ್ಲ. ಆಮೇಲೆ ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದು ತೋರಿಸಿದರು.

ಇಂದಿನ ಪರಿಸ್ಥಿತಿಗೆ ಬರೋಣ. ಮರಾಠವಾಡದಲ್ಲಿ 'ಲಾತೂರ್ ಪ್ಯಾಟರ್ನ್' ಎಂಬ ಮಾತನ್ನು ಕೇಳದವರಿಲ್ಲ. ಸಾವಿರಾರು ಪ್ರಶ್ನೆಗಳನ್ನು ಮತ್ತೆ ಮತ್ತೆ ಬಿಡಿಸಿ ಕೈ ಪಳಗಿಸುವ ಪದ್ಧತಿ. ಅದನ್ನು ಹೀಗಳೆಯುವವರ ಗುಂಪಿಗೆ ನಾನು ಸೇರುವುದಿಲ್ಲ. ಸಂಗೀತಕ್ಕೂ ಸಾಧನೆ ಬೇಕು, ಲೆಕ್ಕಕ್ಕೂ ಬೇಕು. ಆದರೆ ಅರ್ಥವಾಗದ ಪ್ರಶ್ನೆಯನ್ನು ನೂರು ಬಾರಿ ಬಿಡಿಸಿದರೆ ನೂರೊಂದನೆಯದು ಸ್ವಲ್ಪ ಬೇರೆಯಾಗಿ ಬಂದಾಗ ಕೈ ನಿಂತುಹೋಗುತ್ತದೆ. ಈಗ ಇನ್ನೂ ಒಂದು ಅನುಕೂಲ ಬಂದಿದೆ. ಪ್ರಶ್ನೆಯ ಚಿತ್ರ ತೆಗೆದರೆ ಫೋನು ಅರೆ ನಿಮಿಷದಲ್ಲಿ ಹಂತ ಹಂತವಾಗಿ ಉತ್ತರ ಬರೆದುಕೊಡುತ್ತದೆ. ಮಗು ಅದನ್ನು ಅಂದವಾಗಿ ನಕಲು ಮಾಡುತ್ತದೆ. ಶಿಕ್ಷಕರು ಸರಿ ಗುರುತು ಹಾಕುತ್ತಾರೆ. ಫೋನನ್ನು ಕಸಿದುಕೊಳ್ಳಿ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ಅದರ ಬದಲು, ಉತ್ತರ ಬಂದ ಮೇಲೆ ಪುಸ್ತಕ ಮುಚ್ಚಿಸಿ, ಅಜ್ಜಿಗೆ ತಿಳಿಯುವಂತೆ ಆ ಲೆಕ್ಕದ ಕಥೆ ಹೇಳು ಎನ್ನಿ. ತಾನು ಬಿಡಿಸಿದ ಲೆಕ್ಕವೋ ನಕಲು ಮಾಡಿದ್ದೋ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಇದಕ್ಕೆ ತಾಯಿಗೆ ಭೌತಶಾಸ್ತ್ರ ಬರಬೇಕಾಗಿಲ್ಲ.

ಪರೀಕ್ಷೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನು ಸಂಘದ ಗಮನಕ್ಕೆ ತರಬೇಕು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದಲೂ, ಜೆಇಇ ಮುಖ್ಯ ಪರೀಕ್ಷೆಯದು 2021ರಿಂದಲೂ ಕನ್ನಡದಲ್ಲಿ ದೊರೆಯಲಾರಂಭಿಸಿತು. ಆದರೆ ಪರೀಕ್ಷಾ ಸಂಸ್ಥೆಯ ಮಾಹಿತಿ ಪುಸ್ತಿಕೆಯ ಪ್ರಕಾರ ಕನ್ನಡದ ಪತ್ರಿಕೆ ಕರ್ನಾಟಕದ ಕೇಂದ್ರಗಳಿಗೆ ಮಾತ್ರ. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಗಡಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮಹಾರಾಷ್ಟ್ರ ಸರ್ಕಾರದ ಬಾಲಭಾರತಿಯೇ ಅವುಗಳಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತ ಬಂದಿದೆ. ಆ ಮಗು ತನ್ನ ಜಿಲ್ಲೆಯ ಕೇಂದ್ರದಲ್ಲಿ ಕುಳಿತರೆ ಕನ್ನಡದ ಪ್ರಶ್ನೆಪತ್ರಿಕೆಯನ್ನು ಆಯ್ದುಕೊಳ್ಳುವಂತಿಲ್ಲ. ನಾನು ಸರ್ಕಾರಿ ನೌಕರ. ಧೋರಣೆಯ ವಿಮರ್ಶೆ ನನ್ನ ಅಧಿಕಾರದೊಳಗಿನ ಮಾತಲ್ಲ. ಹೊರನಾಡ ಕನ್ನಡ ಸಂಘಗಳು ಒಟ್ಟಾಗಿ ಒಂದು ಮನವಿ ಸಲ್ಲಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಗಣಕಯಂತ್ರದ ಪರದೆಯ ಮೇಲೆ ಬರುವ ಪ್ರಶ್ನೆಗೆ ರಾಜ್ಯದ ಗಡಿ ಏಕೆ ಎಂಬ ಪ್ರಶ್ನೆಯನ್ನು ಜೆಇಇಯ ಮಟ್ಟಿಗಾದರೂ ವಿನಯದಿಂದ ಕೇಳಬಹುದು.

ಉತ್ತರ ಬಂದಮೇಲೆ ಅದು ಸಂಭವನೀಯವೇ ಎಂದು ನೋಡುವ ಅಭ್ಯಾಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ; ನಮ್ಮ ಮಕ್ಕಳಲ್ಲಿ ಅತ್ಯಂತ ದುರ್ಬಲವಾಗಿರುವುದು ಇದೇ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರೆಂಬುದು ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ. ನೀರು ಬೀಳುವ ಎತ್ತರ ಸುಮಾರು 400 ಅಡಿ, ಅಂದರೆ 120 ಮೀಟರ್. ಪ್ರತಿ ಸೆಕೆಂಡಿಗೆ ಒಂದು ಘನ ಮೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ, ನಷ್ಟವಿಲ್ಲದೆ 1176 ಕಿಲೋವಾಟ್. ಇಲ್ಲಿಯವರೆಗೆ ಬಲವಿಜ್ಞಾನ. ಇನ್ನು ಮುಂದಿನದಕ್ಕೆ ಅಂಕಿಗಳನ್ನು ನಾನೇ ಕಲ್ಪಿಸಿ ಮಕ್ಕಳಿಗೆ ಕೊಟ್ಟೆ: 1000 ಕಿಲೋವಾಟನ್ನು 10 ಓಮ್ ರೋಧದ ತಂತಿಯಲ್ಲಿ 1000 ವೋಲ್ಟಿನಲ್ಲಿ ಕಳಿಸಿದರೆ ದಾರಿಯಲ್ಲಿ ಎಷ್ಟು ನಷ್ಟ? ಒಬ್ಬ ಹುಡುಗ ಚುರುಕಾಗಿ ಪ್ರವಾಹ 1000 ಆಂಪಿಯರ್ ಎಂದು ಕಂಡುಹಿಡಿದು, ಅದರ ವರ್ಗವನ್ನು ರೋಧದಿಂದ ಗುಣಿಸಿ, 10,000 ಕಿಲೋವಾಟ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಸಾವಿರ ರೂಪಾಯಿ ಕೊಟ್ಟು ಸಂತೆಗೆ ಕಳಿಸಿದರೆ ದಾರಿಯಲ್ಲಿ ಹತ್ತು ಸಾವಿರ ಕಳೆದುಕೊಂಡು ಬಂದೆಯಲ್ಲಪ್ಪಾ ಎಂದಾಗ ಎಲ್ಲರೂ ನಕ್ಕರು, ಅವನೂ ನಕ್ಕ. ಗುಣಾಕಾರ ತಪ್ಪಿರಲಿಲ್ಲ. ಅಷ್ಟು ಕಡಿಮೆ ವೋಲ್ಟಿನಲ್ಲಿ ಅಷ್ಟು ವಿದ್ಯುತ್ತನ್ನು ಆ ತಂತಿಯಲ್ಲಿ ಕಳಿಸಲು ಸಾಧ್ಯವೇ ಇಲ್ಲವೆಂದು ಆ ಅಂಕಿ ಹೇಳುತ್ತಿತ್ತು, ಕೇಳಿಸಿಕೊಳ್ಳಬೇಕಿತ್ತು, ಅಷ್ಟೇ. ಅದೇ ಲೆಕ್ಕವನ್ನು 30,000 ವೋಲ್ಟ್ ಎಂದು ಮಾಡಿದಾಗ ಪ್ರವಾಹ 33 ಆಂಪಿಯರಿಗೆ ಇಳಿಯಿತು. ನಷ್ಟ 11 ಕಿಲೋವಾಟ್, ನೂರಕ್ಕೆ ಒಂದರಷ್ಟು. ಊರಿಂದೂರಿಗೆ ಹೋಗುವ ದೊಡ್ಡ ಕಂಬಗಳ ತಂತಿಯಲ್ಲಿ ಏಕೆ ಅಷ್ಟು ವೋಲ್ಟ್ ಇರುತ್ತದೆಂಬುದು ಆ ಸಂಜೆ ಯಾರೂ ಹೇಳದೆ ಮಕ್ಕಳಿಗೆ ತಿಳಿಯಿತು.

ವೇರೂಳದಲ್ಲಿ ಬೆಳಿಗ್ಗೆ ಕೈಲಾಸ ದೇವಾಲಯವನ್ನು ನೋಡಿದೆವು. ನಮ್ಮ ರಾಷ್ಟ್ರಕೂಟ ಕೃಷ್ಣನ ಕಾಲದ್ದೆಂದು ಎದೆಯುಬ್ಬಿಸಿಕೊಂಡೆವು. ಕಡಿದು ತೆಗೆದ ಕಲ್ಲು ಎರಡು ಲಕ್ಷ ಟನ್ ಎಂದು ಒಬ್ಬರು, ನಾಲ್ಕು ಲಕ್ಷವೆಂದು ಇನ್ನೊಬ್ಬರು ಹೇಳುವುದು ಕೇಳಿಬರುತ್ತದೆ. ಅಂಗಳ ಸುಮಾರು 82 ಮೀಟರ್ ಉದ್ದ, 46 ಮೀಟರ್ ಅಗಲ. ಹಿಂಬದಿಯ ಬಂಡೆ ಸುಮಾರು 33 ಮೀಟರ್ ಎತ್ತರ, ಮುಂದಕ್ಕೆ ಬಂದಂತೆ ಇಳಿಜಾರು. ಸರಾಸರಿ ಆಳ ಅರ್ಧವೆಂದು ಹಿಡಿದರೆ 62 ಸಾವಿರ ಘನ ಮೀಟರ್. ಈ ಕರಿಗಲ್ಲು ನೀರಿಗಿಂತ ಸುಮಾರು 2.9 ಪಟ್ಟು ಭಾರ, ಆದ್ದರಿಂದ 1 ಲಕ್ಷ 80 ಸಾವಿರ ಟನ್. ಅದರಲ್ಲಿ ಕಡಿಯದೆ ಉಳಿಸಿದ ದೇವಾಲಯವನ್ನು ಕಳೆಯಬೇಕು. ಹೀಗೆ ಒಂಬತ್ತನೆಯ ತರಗತಿಯ ಮಗುವೂ ಎರಡು ಹೇಳಿಕೆಗಳಲ್ಲಿ ಯಾವುದು ವಾಸ್ತವಕ್ಕೆ ಹತ್ತಿರ ಎಂದು ಸ್ವತಃ ತೀರ್ಮಾನಿಸಬಲ್ಲದು. ಅಭಿಮಾನಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ.

ಇನ್ನು ನನ್ನ ಸಲಹೆ. ಭಾನುವಾರದ ಕನ್ನಡ ತರಗತಿಯನ್ನು ನಿಲ್ಲಿಸಬೇಡಿ, ಅದರ ವೇಳೆಯನ್ನು ಒಂದು ಗಂಟೆಯಷ್ಟು ವಿಸ್ತರಿಸಿ. ಮೊದಲ ಗಂಟೆ ಎಂದಿನಂತೆ ಓದು, ಬರಹ. ಎರಡನೆಯ ಗಂಟೆ ಎಂಟರಿಂದ ಹನ್ನೊಂದನೆಯ ತರಗತಿಯ ಮಕ್ಕಳು ತಮ್ಮ ಶಾಲೆಯ ಮನೆಲೆಕ್ಕವನ್ನು ತರಲಿ. ಪ್ರಶ್ನೆ ಯಾವ ಭಾಷೆಯಲ್ಲಾದರೂ ಇರಲಿ, ಕಥೆ ಕನ್ನಡದಲ್ಲಿ, ಬರಹ ಶಾಲೆಯ ಭಾಷೆಯಲ್ಲಿ. ವಾರಕ್ಕೆ ಎರಡೇ ಲೆಕ್ಕ ಸಾಕು. ಕಥೆಯನ್ನು ನಾಲ್ಕು ಸಾಲು ಕನ್ನಡ ಲಿಪಿಯಲ್ಲೇ ಬರೆದರೆ ಮೊದಲ ಗಂಟೆಯ ಕೆಲಸವೂ ಅದರಲ್ಲೇ ಆದೀತು. ಇದರಿಂದ ಐಐಟಿ ಪ್ರವೇಶ ಸಿಗುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ಟ್ಯೂಷನ್ ಬಿಡಿಸಿ ಎಂದೂ ಹೇಳುವುದಿಲ್ಲ. ಭೌತಶಾಸ್ತ್ರ ಓದಿದ ಇನ್ನಿಬ್ಬರು ಸದಸ್ಯರು, ಒಬ್ಬರು ನಾಸಿಕದವರು, ತಿಂಗಳಿಗೊಂದು ಭಾನುವಾರ ಬರಲು ಒಪ್ಪಿದ್ದಾರೆ. ಉಳಿದ ಭಾನುವಾರಗಳು ನನ್ನವು.

ಬೇಕಾಗುವ ಸಾಮಗ್ರಿ ಅಲ್ಪ: ಒಂದು ಕರಿಹಲಗೆ, ಒಂದು ಸ್ಪ್ರಿಂಗ್ ತಕ್ಕಡಿ, ಅಳತೆಯ ಪಟ್ಟಿ, ನಾಲ್ಕು ಟಾರ್ಚಿನ ಸೆಲ್ಲು, ಆರು ಸಣ್ಣ ಬಲ್ಬು, ಸ್ವಲ್ಪ ತಂತಿ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಸೀರಿಯಲ್ ಸೆಟ್ಟು ಬಿದ್ದಿದ್ದರೆ ಅದನ್ನೂ ತನ್ನಿ, ಕೆಟ್ಟಿದ್ದರೂ ಅಡ್ಡಿಯಿಲ್ಲ. ಪಟ್ಟಿಯ ಒಂದು ಪ್ರತಿಯನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಮಕ್ಕಳ ಹೆಸರು ಮತ್ತು ತರಗತಿಯನ್ನು ಇಂದು ಸಂಜೆ ಹೊರಡುವುದರೊಳಗೆ ಅವರಲ್ಲೇ ಬರೆಸಬಹುದು.